ರಾಬರ್ಟ್ ಬ್ರೂಸ್ ಫೂಟ್

ನಾಡಿನ ಪ್ರಾಚೀನತೆಯನ್ನು ಬ್ರಹ್ಮಗಿರಿಯ ಅಶೋಕ ಶಾಸನದಿಂದಲೋ ಹಲ್ಮಿಡಿಯ ಶಾಸನದಿಂದಲೋ ಎಣಿಸುವುದು ನಮ್ಮ ರೂಢಿ. ಅಕ್ಷರವನ್ನೇ ಅರಿಯದ ಮಾನವನಿಗೂ ಚರಿತ್ರೆಯುಂಟು, ಅವನು ಕೈಯಾರೆ ತಿದ್ದಿದ ಕಲ್ಲೇ ಅದಕ್ಕೆ ಸಾಕ್ಷಿ ಎಂಬುದನ್ನು ಭಾರತದಲ್ಲಿ ನೆಲೆಗೊಳಿಸಿದವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದ ಇವರು 1858ರಲ್ಲಿ ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ಫ್ರಾನ್ಸಿನ ಸೋಮ್ ನದಿಯ ಜಲ್ಲಿಪದರಗಳಲ್ಲಿ ದೊರೆತ ಶಿಲಾಯುಧಗಳು ಅತಿ ಪ್ರಾಚೀನ ಮಾನವನ ಕೃತಿಗಳೆಂದು ಯೂರೋಪಿನ ವಿದ್ವಾಂಸರು ಒಪ್ಪಿದ್ದು ಅದರ ಮರುವರ್ಷ. ಆ ವಾರ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಫೂಟರು ದಕ್ಷಿಣದ ನೆಲವನ್ನು ಪರೀಕ್ಷಿಸುತ್ತಿದ್ದರು. 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರದ ಜಲ್ಲಿಗುಂಡಿಯಲ್ಲಿ ಅವರಿಗೆ ಒಂದು ಕೈಗೊಡಲಿ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗರೊಡನೆ ಅತ್ತಿರಂಪಾಕ್ಕದಲ್ಲಿ ಇನ್ನೂ ಹಲವು ಆಯುಧಗಳನ್ನು ಕಂಡರು. ಆ ನೆಲೆಯ ಅತಿ ಹಳೆಯ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷಗಳ ವಯಸ್ಸೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿದೆ. ನಮ್ಮ ಲಿಖಿತ ಚರಿತ್ರೆ ಅದರ ಮುಂದೆ ಎಷ್ಟರದು!

ಕಲ್ಲನ್ನು ಕೂಡಿಹಾಕುವವರು ಆಗಲೂ ಇದ್ದರು. ಅದು ಯಾವ ಊರಿನ ಯಾವ ಪದರದಲ್ಲಿತ್ತೆಂದು ಬರೆದಿಟ್ಟುದು ಫೂಟರ ಹಿರಿಮೆ. ಪದರ ತಿಳಿಯದ ಕಲ್ಲು, ಸಂದರ್ಭ ತಿಳಿಯದ ಪದ್ಯದಂತೆ.

ನಮ್ಮ ನಾಡು ಅವರ ಋಣದಲ್ಲಿದೆ. ಬಳ್ಳಾರಿಯ ಬಳಿಯ ಕುಪ್ಗಲ್ಲಿನ ಬೆಟ್ಟದಲ್ಲಿ ನೂತನ ಶಿಲಾಯುಗದ ಜನರು ಕೊಡಲಿಗಳನ್ನು ತಯಾರಿಸುತ್ತಿದ್ದ ಸ್ಥಳವನ್ನು ಅವರು ಗುರುತಿಸಿದರು. ಆ ಸೀಮೆಯ ಬೂದಿದಿಬ್ಬಗಳಲ್ಲೊಂದನ್ನು ಜನರು ಭೀಮನಿಂದ ಹತನಾದ ಹಿಡಿಂಬಾಸುರನ ಚಿತಾಭಸ್ಮವೆಂದು ನಂಬಿದ್ದರು. ಫೂಟರು ಇಂಥ ಬೂದಿಯೆಲ್ಲ ದನದ ಸಗಣಿ ಸುಟ್ಟುದೆಂದರು. ಎಲ್ಲರೂ ಒಪ್ಪಲಿಲ್ಲ. 1957ರಲ್ಲಿ ಉಟ್ನೂರಿನ ದಿಬ್ಬವನ್ನು ಆಲ್ಚಿನ್ನರು ಅಗೆಸಿದಾಗ ಪದರಗಳ ನಡುವೆ ಗೊರಸಿನ ಗುರುತುಗಳೇ ಮೂಡಿದ್ದುವು. ಅದು ದನದ ದೊಡ್ಡಿ! ಕುಪ್ಗಲ್ಲಿನ ಬೆಟ್ಟವನ್ನಾದರೋ ಈಚಿನ ದಶಕಗಳಲ್ಲಿ ಕಲ್ಲಿಗಾಗಿ ಒಡೆದು, ಪೂರ್ವಿಕರು ಬಂಡೆಗಳ ಮೇಲೆ ಕೊರೆದ ಕೆಲವು ಚಿತ್ರಗಳನ್ನು ಅಳಿಸಲಾಗಿದೆ. ಹರಿದ ಓಲೆಗೆ ಬೇರೊಂದು ಪ್ರತಿ ಸಿಕ್ಕೀತು, ಇದಕ್ಕೆ ಸಿಕ್ಕದು.

ಧಾರವಾಡ ಶಿಲಾಸ್ತೋಮಕ್ಕೆ ಆ ಹೆಸರನ್ನಿಟ್ಟವರೂ ಇವರೇ. 1891ರಲ್ಲಿ ನಿವೃತ್ತರಾದ ಮೇಲೆ, 1894ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಗೆ ಮೊದಲ ಮುಖ್ಯಸ್ಥರಾದರು. ಅವರ ಸಂಗ್ರಹವು ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸಂದಿತು. ವೃದ್ಧಾಪ್ಯದಲ್ಲಿ ಒಂದೊಂದು ವಸ್ತುವಿಗೂ ವಿವರ ಬರೆದರು. 1912ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ವಿವರಗಳ ಎರಡು ಸಂಪುಟಗಳು 1914 ಮತ್ತು 1916ರಲ್ಲಿ ಅಚ್ಚಾದುವು.