ಹಿಮದ ಮೇಲಿನ ಬಂಡಿ

ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದ ಚಳಿಗಾಲವು ನಮ್ಮ ನಾಡಿನ ಮಾಗಿಯ ಚಳಿಯಂತಹುದಲ್ಲ. ನವೆಂಬರ್ ತಿಂಗಳಲ್ಲಿ ಬೀಳತೊಡಗಿದ ಹಿಮವು ಏಪ್ರಿಲ್ ಬರುವವರೆಗೂ ಪೂರ್ಣವಾಗಿ ಕರಗುವುದಿಲ್ಲ. ಹೊಲ, ಬೇಲಿ, ರಸ್ತೆಗಳೆಲ್ಲ ಒಂದೇ ಬಿಳಿಯ ಹಾಸಿನಡಿಯಲ್ಲಿ ಮರೆಯಾಗುತ್ತವೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಹಳ್ಳಿಯ ರಸ್ತೆಗಳಿಂದ ಹಿಮವನ್ನು ತೆಗೆದುಹಾಕುವ ಏರ್ಪಾಡು ಇರಲಿಲ್ಲ. ಮೋಟಾರು ಕಾರುಳ್ಳವರು ಅದನ್ನು ಕೊಟ್ಟಿಗೆಗೆ ಸೇರಿಸಿ, ಮರದ ದಿಮ್ಮಿಗಳ ಮೇಲೆ ಎತ್ತಿಟ್ಟು, ವಸಂತ ಬರುವ ತನಕ ಕುದುರೆ ಎಳೆಯುವ ಜಾರುಬಂಡಿಯನ್ನೇ ನೆಚ್ಚಿಕೊಂಡಿರುತ್ತಿದ್ದರು. ಕುದುರೆಗೂ ಅಸಾಧ್ಯವಾದ ದಿನಗಳಲ್ಲಿ ಊರಿಗೂ ಹೊರಜಗತ್ತಿಗೂ ಸಂಬಂಧವೇ ಕಡಿದುಹೋಗುತ್ತಿತ್ತು. ಇಂತಹ ನಾಡಿನ ವಾಲ್ಕೂರ್ ಎಂಬ ಚಿಕ್ಕ ಊರಿನಲ್ಲಿ 1907ನೆಯ ಇಸವಿ ಏಪ್ರಿಲ್ 16ರಂದು ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಜನಿಸಿದನು.

ಅವನ ತಂದೆ ಆಲ್ಫ್ರೆಡ್ ಮೊದಲು ಬೇಸಾಯಗಾರನಾಗಿದ್ದು ಅನಂತರ ಅಂಗಡಿಯನ್ನಿಟ್ಟನು. ಎಂಟು ಮಕ್ಕಳಲ್ಲಿ ಅರ್ಮಾಂಡನೇ ಹಿರಿಯ. ಕೆಟ್ಟುಹೋದ ಗಡಿಯಾರಗಳ ಹಲ್ಲುಚಕ್ರಗಳನ್ನೂ ಸುರುಳಿಗಳನ್ನೂ ಕೂಡಿಹಾಕಿ ತಾನೇ ಚಲಿಸುವ ಆಟಿಕೆಯ ರೈಲು, ಟ್ರ್ಯಾಕ್ಟರುಗಳನ್ನು ಮಾಡುವುದು ಅವನ ಬಾಲ್ಯದ ಗೀಳು. ಮನೆಯಲ್ಲಿ ಬಿಚ್ಚದೆ ಉಳಿದ ಯಂತ್ರ ಯಾವುದೂ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಮಗನ ಈ ಹುಚ್ಚಿಗೆ ಒಂದು ದಾರಿ ಸಿಗಲೆಂದು ತಂದೆಯು, ಇನ್ನು ಓಡದೆಂದು ಭಾವಿಸಿದ್ದ ಹಳೆಯ ಫೋರ್ಡ್ ಕಾರೊಂದನ್ನು ಅವನಿಗೆ ಬಿಟ್ಟುಕೊಟ್ಟನು.

1922ರ ವರ್ಷದ ಕೊನೆಯ ದಿನ. ಊರಿನ ಬೀದಿಯಲ್ಲಿ ಕಿವಿಗಡಚಿಕ್ಕುವ ಸದ್ದೊಂದು ಕೇಳಿಬಂದಿತು. ಹದಿನೈದು ವರ್ಷದ ಅರ್ಮಾಂಡನು ಆ ಫೋರ್ಡ್ ಎಂಜಿನ್ನನ್ನು ಜಾರುಬಂಡಿಯ ಮೇಲೆ ಕೂರಿಸಿ, ಅದರ ದಂಡಕ್ಕೆ ತಾನೇ ಕೆತ್ತಿದ ಮರದ ರೆಕ್ಕೆಯೊಂದನ್ನು ಜೋಡಿಸಿದ್ದನು. ವಿಮಾನದ ರೆಕ್ಕೆಯಂತೆ ಅದು ಗಾಳಿಯನ್ನು ಹಿಂದಕ್ಕೆ ತಳ್ಳಿದಾಗ ಬಂಡಿಯು ಮುಂದಕ್ಕೆ ಜಾರಿತು. ತಮ್ಮ ಲಿಯೊಪೋಲ್ಡನು ಮುಂಭಾಗದಲ್ಲಿ ಕುಳಿತು ದಿಕ್ಕನ್ನು ಹಿಡಿದಿದ್ದನು. ಸುಮಾರು ಒಂದು ಕಿಲೋಮೀಟರ್ ದೂರ ಅಣ್ಣತಮ್ಮಂದಿರು ಹೀಗೆ ಸಾಗಿದರು. ಬಂಡಿಯ ಹಿಂದೆ ತಿರುಗುತ್ತಿದ್ದ ರೆಕ್ಕೆಗೆ ಯಾವ ಮರೆಯೂ ಇರಲಿಲ್ಲ; ಯಾರಾದರೂ ಸಮೀಪಿಸಿದ್ದರೆ ಆಗಬಹುದಾಗಿದ್ದ ಅನಾಹುತವನ್ನು ನೆನೆದು ತಂದೆಯು ಕೂಡಲೇ ಅದನ್ನು ಬಿಚ್ಚಿಹಾಕುವಂತೆ ಆಜ್ಞಾಪಿಸಿದನು. ಬಂಡಿ ಬಿಡಿಬಿಡಿಯಾಯಿತು. ಆದರೆ ಹಿಮದ ಮೇಲೆ ಎಂಜಿನ್ನಿನ ಬಲದಿಂದ ಹೋಗಬಹುದೆಂಬ ಎಣಿಕೆಯು ಹುಡುಗನ ತಲೆಯಿಂದ ಇಳಿಯಲಿಲ್ಲ.

ಮಗನು ಪಾದ್ರಿಯಾಗಬೇಕೆಂದು ಹೆತ್ತವರ ಆಸೆ. ಅದಕ್ಕಾಗಿ ಅವನನ್ನು ಶೆರ್ಬ್ರೂಕ್ ಪಟ್ಟಣದ ಧಾರ್ಮಿಕ ವಿದ್ಯಾಲಯಕ್ಕೆ ಸೇರಿಸಿದ್ದರು. ಅವನ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1924ರಲ್ಲಿ ತಂದೆಯನ್ನು ಒಡಂಬಡಿಸಿ ಅದನ್ನು ಬಿಟ್ಟು ಗ್ಯಾರೇಜುಗಳಲ್ಲಿ ಕೆಲಸ ಕಲಿಯಲು ಹೊರಟನು. ಮಾಂಟ್ರಿಯಲ್ ನಗರದಲ್ಲಿ ಹಗಲು ದುಡಿದು, ಸಂಜೆಯ ತರಗತಿಗಳಲ್ಲಿ ಯಂತ್ರವಿದ್ಯೆ ಮತ್ತು ವಿದ್ಯುತ್ತಿನ ಪಾಠಗಳನ್ನು ಓದಿದನು. 1926ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, ತಂದೆಯಿಂದ ಸಾಲ ಪಡೆದು ವಾಲ್ಕೂರಿನಲ್ಲಿ ಸ್ವಂತ ಗ್ಯಾರೇಜನ್ನು ತೆರೆದನು. ಬೇಕಾದ ಉಪಕರಣಗಳಲ್ಲಿ ಹಲವನ್ನು ಕೊಳ್ಳದೆ ತಾನೇ ತಯಾರಿಸಿಕೊಂಡನು. ಗ್ಯಾರೇಜಿನ ಪಕ್ಕದಲ್ಲಿ ಹರಿಯುವ ತೊರೆಗೆ ಒಡ್ಡು ಕಟ್ಟಿ, ಆ ನೀರಿನಿಂದ ಚಕ್ರ ತಿರುಗಿಸಿ ತನ್ನ ಯಂತ್ರಗಳಿಗೆ ಶಕ್ತಿಯನ್ನು ಪಡೆದನು. 1929ರಲ್ಲಿ ಇವೋನ್ ಲಾಬ್ರೆಕ್ ಎಂಬಾಕೆಯನ್ನು ಮದುವೆಯಾದನು.

ಬೇಸಗೆಯಲ್ಲಿ ಗ್ಯಾರೇಜಿಗೆ ಕೈತುಂಬ ಕೆಲಸ; ಚಳಿಗಾಲದಲ್ಲಿ ಕಾರುಗಳೇ ಓಡದಿರುವಾಗ ರಿಪೇರಿ ಎಲ್ಲಿಯದು? ಆ ಬಿಡುವಿನ ತಿಂಗಳುಗಳೆಲ್ಲ ಹಿಮದ ಬಂಡಿಯ ಪ್ರಯೋಗಕ್ಕೆ ಮೀಸಲಾದವು. ಪ್ರತಿ ವರ್ಷವೂ ಹಳೆಯ ಕಾರಿನ ಚೌಕಟ್ಟನ್ನು ತೆಗೆದುಕೊಂಡು ಅದಕ್ಕೆ ಹೊಸದೊಂದು ಉಪಾಯವನ್ನು ಅಳವಡಿಸುವನು, ಹಿಮದಲ್ಲಿ ಓಡಿಸುವನು, ಹೂತುಕೊಂಡಲ್ಲಿಂದ ಎಳೆದುತಂದು ಮತ್ತೆ ಬಿಚ್ಚುವನು. ಹೀಗೆ ಎಂಟು ಚಳಿಗಾಲಗಳು ಕಳೆದವು.

1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಇವೋನನು ಹೊಟ್ಟೆನೋವಿನಿಂದ ನರಳತೊಡಗಿದನು. ಕರುಳಿನ ಬಾಲದ ಊತವು ಒಡೆದು ಉದರದೊಳಗೆ ನಂಜು ಹರಡಿತ್ತು. ಶಸ್ತ್ರಚಿಕಿತ್ಸೆಯೊಂದೇ ದಾರಿ, ಆಸ್ಪತ್ರೆ ಇದ್ದುದು ಸುಮಾರು 50 ಕಿಲೋಮೀಟರ್ ದೂರದ ಶೆರ್ಬ್ರೂಕಿನಲ್ಲಿ. ರಸ್ತೆಗಳೆಲ್ಲ ಹಿಮದಿಂದ ಮುಚ್ಚಿದ್ದವು. ವರ್ಷಗಟ್ಟಲೆ ಹಿಮದ ಬಂಡಿಗಾಗಿಯೇ ದುಡಿದ ತಂದೆಯ ಬಳಿ, ಬೇಕಾದ ಆ ಗಳಿಗೆಯಲ್ಲಿ ಪ್ರಯಾಣಕ್ಕೆ ಒದಗುವಂತಹ ಒಂದು ಬಂಡಿಯೂ ಇರಲಿಲ್ಲ. ಮಗುವು ಮನೆಯಲ್ಲಿಯೇ ಪ್ರಾಣಬಿಟ್ಟಿತು.

ಅರ್ಮಾಂಡನು ಮಿತಭಾಷಿ. ತನ್ನ ಅಳಲನ್ನು ಹೊರಗೆ ತೋರಿಸಿಕೊಳ್ಳುವ ಸ್ವಭಾವದವನಲ್ಲ. ಅವನು ಕಾರ್ಯಾಗಾರಕ್ಕೆ ಹಿಂದಿರುಗಿದನು. ಮುಂದಿನ ವರ್ಷದೊಳಗೆ ಅವನ ಕೈಯಿಂದ ಹೊರಬಂದುದು ಅದುವರೆಗಿನ ಎಲ್ಲ ಪ್ರಯೋಗಗಳಿಗಿಂತ ಬೇರೆಯದಾಗಿತ್ತು.

ಅವನ ಮುಂದಿದ್ದ ಸಮಸ್ಯೆ ನಮಗೆ ತೀರ ಅಪರಿಚಿತವೇನಲ್ಲ. ಕೆಸರುಗದ್ದೆಯಲ್ಲಿ ಗಾಡಿಯ ಗಾಲಿ ಹೂತುಕೊಳ್ಳುತ್ತದೆ. ಅದೇ ಕೆಸರಿನ ಮೇಲೆ ಅಗಲವಾದ ಹಲಗೆಯನ್ನು ಹಾಸಿದರೆ ಮನುಷ್ಯನು ಅದರ ಮೇಲೆ ನಿಲ್ಲಬಲ್ಲನು. ಭಾರವು ಹೆಚ್ಚು ಜಾಗದ ಮೇಲೆ ಹರಡಿದಷ್ಟೂ ನೆಲದ ಮೇಲಿನ ಒತ್ತಡ ಕಡಿಮೆಯಾಗುವುದೇ ಇದರ ಗುಟ್ಟು. ಆದರೆ ಹಲಗೆಯು ತೇಲಿಸಬಲ್ಲದೇ ಹೊರತು ಮುಂದಕ್ಕೆ ತಳ್ಳಲಾರದು. ತಳ್ಳಬೇಕಾದರೆ ನೆಲವನ್ನು ಕಚ್ಚಿ ಹಿಡಿಯುವ ಹಲ್ಲುಗಳು ಬೇಕು. ಮುಂಗಾಲಿಗಳ ಜಾಗದಲ್ಲಿ ಜಾರುವ ಹಲಗೆಗಳನ್ನೂ, ಹಿಂಗಾಲಿಗಳಿಗೆ ಸುತ್ತುಪಟ್ಟಿಯನ್ನೂ ಕಟ್ಟುವುದು ಅಂದಿಗೆ ಹೊಸ ವಿಚಾರವಾಗಿರಲಿಲ್ಲ. ರಷ್ಯದ ಚಕ್ರವರ್ತಿಯ ಮೋಟಾರು ಶಾಲೆಯಲ್ಲಿದ್ದ ಕೆಗ್ರೆಸ್ ಎಂಬ ಫ್ರೆಂಚ್ ತಂತ್ರಜ್ಞನು ರಬ್ಬರ್ ಪಟ್ಟಿಯ ಮೇಲೆ ಕಾರನ್ನು ಓಡಿಸಿದ್ದನು. ಅಮೆರಿಕದ ವರ್ಜಿಲ್ ವೈಟ್ ಎಂಬವನು ಫೋರ್ಡ್ ಕಾರುಗಳಿಗೆ ಜೋಡಿಸುವ ಹಿಮಸಲಕರಣೆಯನ್ನು ಮಾರುತ್ತಿದ್ದನು. ಲೋಹದ ಕೊಂಡಿಗಳ ಪಟ್ಟಿಯಾದರೆ ಭಾರ ಹೆಚ್ಚಿ, ಬಂಡಿಯು ಮೃದುವಾದ ಹಿಮದಲ್ಲಿ ಮುಳುಗುವುದು. ಇನ್ನೊಂದು ತೊಂದರೆಯು ಇದಕ್ಕಿಂತ ಕಠಿಣವಾದುದು: ಪಟ್ಟಿ ಮತ್ತು ಚಕ್ರದ ನಡುವೆ ಸಿಕ್ಕಿದ ಹಿಮವು ಒತ್ತಿ ಒತ್ತಿ ಮಂಜುಗಡ್ಡೆಯಾಗಿ, ಪಟ್ಟಿಯನ್ನು ಚಕ್ರದಿಂದ ಕಳಚಿಹಾಕುವುದು. ಹಗುರ, ಹಿಡಿತ, ಹಿಮ ಅಂಟದಿರುವಿಕೆ, ಈ ಮೂರೂ ಒಂದೇ ಯಂತ್ರದಲ್ಲಿ ಕೂಡಿಬರಬೇಕಾಗಿತ್ತು.

ಅರ್ಮಾಂಡನು ಎರಡು ಉದ್ದನೆಯ ರಬ್ಬರ್ ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಅವುಗಳನ್ನು ಉಕ್ಕಿನ ಅಡ್ಡಪಟ್ಟಿಗಳಿಂದ ಏಣಿಯ ಮೆಟ್ಟಿಲುಗಳಂತೆ ಬಂಧಿಸಿದನು. ಅವನ್ನು ಎಳೆಯಲು ರಬ್ಬರ್ ಹೊದಿಸಿದ ಹಲ್ಲುಚಕ್ರವೊಂದನ್ನು ರೂಪಿಸಿದನು. ಎಂಜಿನ್ನು ಹಲ್ಲುಚಕ್ರವನ್ನು ತಿರುಗಿಸಿದಂತೆ ಅದರ ಹಲ್ಲುಗಳು ಒಂದೊಂದೇ ಅಡ್ಡಪಟ್ಟಿಯನ್ನು ಹಿಡಿದು ಎಳೆಯುತ್ತವೆ. ಅದೇ ಅಡ್ಡಪಟ್ಟಿಗಳು ಕೆಳಗೆ ಬಂದಾಗ ಹಿಮವನ್ನು ಕಚ್ಚಿ ಬಂಡಿಯನ್ನು ಮುಂದಕ್ಕೆ ನೂಕುತ್ತವೆ. ರಬ್ಬರಿಗೆ ಹಿಮವು ಅಂಟಿ ನಿಲ್ಲದೆ ಉದುರಿಹೋಗುತ್ತಿತ್ತು. ಹಲವು ವರ್ಷಗಳ ತೊಡಕು ಬಿಡಿಸಿದುದು ಗಾತ್ರದಲ್ಲಿ ಚಿಕ್ಕದಾದ ಈ ಹಲ್ಲುಚಕ್ರವೇ. 1937ರ ಜೂನ್ 29ರಂದು ಇದಕ್ಕೆ ಕೆನಡಾ ಸರ್ಕಾರದ ಹಕ್ಕುಪತ್ರ ದೊರಕಿತು.

ಚೌಕಟ್ಟಿನ ವಿಷಯದಲ್ಲಿಯೂ ಅವನು ಹಳೆಯ ಹಾದಿಯನ್ನು ಬಿಟ್ಟನು. ರಸ್ತೆಗೆಂದು ಮಾಡಿದ ಕಾರಿಗೆ ಹಿಮದ ಸಲಕರಣೆಗಳನ್ನು ತೊಡಿಸುವುದರ ಬದಲು, ಹಿಮಕ್ಕೆಂದೇ ಬಂಡಿಯನ್ನು ಬುಡದಿಂದ ಕಟ್ಟಿದನು. ಮೈಯನ್ನು ಹಗುರವಾದ ಪದರುಹಲಗೆಯಿಂದ ಮಾಡಿದನು. ಎಂಜಿನ್ನನ್ನು ಹಿಂಭಾಗಕ್ಕೆ ಒಯ್ದನು. ಇದರಿಂದ ಭಾರವು ಪಟ್ಟಿಗಳ ಮೇಲೆ ಬಿದ್ದು ಹಿಡಿತ ಹೆಚ್ಚಿತು, ಮುಂದಿನ ಜಾರುಹಲಗೆಗಳು ಹಗುರವಾಗಿ ತಿರುಗಿದವು. ಏಳು ಮಂದಿ ಕುಳಿತುಕೊಳ್ಳಬಹುದಾದ ಈ ಬಂಡಿಗೆ ಬಿ-7 ಎಂದು ಹೆಸರಿಟ್ಟನು. ತಾನೇ ಅದನ್ನು ನಡೆಸಿಕೊಂಡು ಊರೂರು ಸುತ್ತಿ ಜನರಿಗೆ ತೋರಿಸಿದನು. ಹಳ್ಳಿಯ ವೈದ್ಯರು, ಪಾದ್ರಿಗಳು, ಅಂಚೆ ಸಾಗಿಸುವವರು, ಹೋಟೆಲಿನವರು ಕೊಳ್ಳಲು ಮುಂದೆ ಬಂದರು. ವೈದ್ಯನು ರೋಗಿಯ ಬಳಿಗೂ ರೋಗಿಯು ಆಸ್ಪತ್ರೆಗೂ ಹೋಗುವುದು ಚಳಿಗಾಲದಲ್ಲಿಯೂ ಸಾಧ್ಯವಾಯಿತು. ಅನಂತರ ಹನ್ನೆರಡು ಮಂದಿಯ ಬಿ-12 ಬಂದಿತು. ಅರೆಕಾಲುಗಳ ಗಾಲಿಯಲ್ಲಿ ಹಿಮ ತುಂಬಿಕೊಳ್ಳುವುದನ್ನು ಕಂಡು ಇದರಲ್ಲಿ ತುಂಬುಗಾಲಿಗಳನ್ನು ಹಾಕಿದನು. ಇದನ್ನೇ ಇನ್ನೂ ಉದ್ದಮಾಡಿದ ಸಿ-18 ಬಂಡಿಯು ಸುಮಾರು 25 ಮಕ್ಕಳನ್ನು ಶಾಲೆಗೆ ಒಯ್ಯುತ್ತಿತ್ತು. ತಮ್ಮಂದಿರು ಅವನ ಜೊತೆಗೂಡಿದರು. 1942ರಲ್ಲಿ ಉದ್ಯಮವು ಕಂಪೆನಿಯ ರೂಪವನ್ನು ತಾಳಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿಯೂ ಅವನು ಹಿಮವಾಹನಗಳನ್ನು ರಚಿಸಿದನು.

ಯುದ್ಧ ಮುಗಿದು ವ್ಯಾಪಾರ ಏರುತ್ತಿದ್ದಾಗ ಅನಿರೀಕ್ಷಿತವಾದ ಪೆಟ್ಟೊಂದು ಬಿದ್ದಿತು. 1948ರಲ್ಲಿ ಕ್ವಿಬೆಕ್ ಸರ್ಕಾರವು ಹಳ್ಳಿಯ ರಸ್ತೆಗಳಿಂದಲೂ ಹಿಮವನ್ನು ತೆಗೆಸುವ ಏರ್ಪಾಡನ್ನು ಕೈಗೊಂಡಿತು. ಸಾಮಾನ್ಯ ಕಾರುಗಳೇ ಚಳಿಗಾಲದಲ್ಲಿ ಓಡತೊಡಗಿದ ಮೇಲೆ ಹಿಮಬಂಡಿ ಯಾರಿಗೆ ಬೇಕು? ಒಂದೇ ವರ್ಷದಲ್ಲಿ ಕಂಪೆನಿಯ ಮಾರಾಟವು 23 ಲಕ್ಷ ಡಾಲರುಗಳಿಂದ 14 ಲಕ್ಷಕ್ಕೆ ಇಳಿಯಿತು. ಹದಿನಾಲ್ಕು ವರ್ಷಗಳ ಹಿಂದೆ ತೆರೆದಿದ್ದರೆ ಇವೋನನನ್ನು ಉಳಿಸಬಹುದಾಗಿದ್ದ ರಸ್ತೆಗಳು ಈಗ ತೆರೆದು, ಆ ಸಾವಿನ ಅನಂತರ ಕಟ್ಟಿದ ಉದ್ಯಮವನ್ನೇ ಅಲುಗಿಸಿದವು.

ಅರ್ಮಾಂಡನು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ರಸ್ತೆ ಇರುವ ಕಡೆ ತನ್ನ ಬಂಡಿ ಬೇಡವಾದರೆ ರಸ್ತೆಯೇ ಇಲ್ಲದ ಕಡೆಗೆ ಅದನ್ನು ಒಯ್ಯಬೇಕೆಂದು ಬಗೆದನು. ಕೆನಡಾದ ಉತ್ತರಭಾಗದಲ್ಲಿ ಪಾಚಿಯೂ ಕೊಳೆತ ಸಸ್ಯಗಳೂ ತುಂಬಿದ, ಕಾಲಿಟ್ಟರೆ ಕುಸಿಯುವ ಜೌಗುನೆಲವು ವಿಶಾಲವಾಗಿ ಹಬ್ಬಿದೆ. ಅದಕ್ಕೆ ಅಲ್ಲಿ ಮಸ್ಕೆಗ್ ಎಂದು ಹೆಸರು. ಮರ ಕಡಿಯುವವರಿಗೂ ಎಣ್ಣೆಯನ್ನು ಅರಸುವವರಿಗೂ ಇದನ್ನು ದಾಟುವುದೇ ದೊಡ್ಡ ಕಷ್ಟವಾಗಿತ್ತು. 1953ರಲ್ಲಿ ಅವನು ಮಸ್ಕೆಗ್ ಟ್ರ್ಯಾಕ್ಟರನ್ನು ಹೊರತಂದನು. ಇದರಲ್ಲಿ ಜಾರುಹಲಗೆಗಳಿಲ್ಲ; ಉಕ್ಕಿನ ಚೌಕಟ್ಟಿನ ಇಕ್ಕೆಲಗಳಲ್ಲಿಯೂ ಉದ್ದಕ್ಕೆ ಅಗಲವಾದ ಪಟ್ಟಿಗಳು. ಒಂದು ಬದಿಯ ಪಟ್ಟಿಯನ್ನು ತಡೆದರೆ ಇನ್ನೊಂದು ಬದಿಯದು ಮುಂದೆ ಸಾಗಿ ಬಂಡಿಯು ತಿರುಗುವುದು. ಹಿಮ, ಕೆಸರು, ಮರಳು ಯಾವುದಾದರೂ ಇದಕ್ಕೆ ದಾರಿಯೇ. ಫುಕ್ಸನ ನಾಯಕತ್ವದಲ್ಲಿ ಅಂಟಾರ್ಕ್ಟಿಕಾ ಖಂಡವನ್ನು ದಾಟಲು 1957ರಲ್ಲಿ ಹೊರಟ ತಂಡದ ವಾಹನಗಳಲ್ಲಿ ಮಸ್ಕೆಗ್ ಟ್ರ್ಯಾಕ್ಟರೂ ಒಂದಾಗಿತ್ತು.

ಹದಿನೈದರ ಹರೆಯದಲ್ಲಿ ಕಂಡ ಕನಸು ಮಾತ್ರ ಇನ್ನೂ ಉಳಿದಿತ್ತು. ಅಂದು ಅವನು ಬಯಸಿದ್ದುದು ಒಬ್ಬಿಬ್ಬರು ಏರಿ ಹೋಗುವ ಪುಟ್ಟ ಬಂಡಿಯನ್ನು. ಅದಕ್ಕೆ ತಕ್ಕಷ್ಟು ಹಗುರವಾದ ಎಂಜಿನ್ನು ಆ ಕಾಲದಲ್ಲಿ ದೊರೆಯುತ್ತಿರಲಿಲ್ಲ. 1950ರ ದಶಕದ ಕೊನೆಗೆ ಅಂತಹ ಎಂಜಿನ್ನುಗಳು ಬಂದವು. ಹಿರಿಯ ಮಗ ಜರ್ಮೇನನು ಜೋಡಣೆಯಿಲ್ಲದ ಅಖಂಡವಾದ ರಬ್ಬರ್ ಪಟ್ಟಿಯನ್ನು ಸಿದ್ಧಪಡಿಸಿದನು. ಎರಡನ್ನೂ ಕೂಡಿಸಿ 1959ರಲ್ಲಿ ಸ್ಕೀ-ಡೂ ಎಂಬ ಹಳದಿ ಬಣ್ಣದ ಚಿಕ್ಕ ಹಿಮಬಂಡಿಯನ್ನು ಮಾರುಕಟ್ಟೆಗೆ ತಂದನು. ನಾಯಿಗಳು ಎಳೆಯುವ ಜಾರುಬಂಡಿಗೆ ಬದಲಾಗಿ ಬಂದುದರಿಂದ ಸ್ಕೀ-ಡಾಗ್ ಎಂದು ಹೆಸರಿಡಲು ಬಗೆದಿದ್ದರೆಂದೂ, ಅಚ್ಚಿನ ತಪ್ಪಿನಿಂದ ಒಂದಕ್ಷರ ಬದಲಾಯಿತೆಂದೂ ಹೇಳುವುದುಂಟು. ಉತ್ತರದ ಮೂಲನಿವಾಸಿಗಳ ನಡುವೆ ಸೇವೆ ಮಾಡುತ್ತಿದ್ದ ಮಾರಿಸ್ ಊಮೆ ಎಂಬ ಪಾದ್ರಿಯ ಬಳಿಗೆ ಮೊದಲ ಬಂಡಿಗಳಲ್ಲೊಂದು ಹೋಯಿತು. ಮೊದಲ ಚಳಿಗಾಲದಲ್ಲಿ ಮಾರಾಟವಾದವು 225; ನಾಲ್ಕು ವರ್ಷಗಳಲ್ಲಿ ಆ ಸಂಖ್ಯೆಯು ವರ್ಷಕ್ಕೆ 8,000ವನ್ನು ಮೀರಿತು. ಬೇಟೆಗಾರರಿಗೂ ಪಾದ್ರಿಗಳಿಗೂ ಉಪಯೋಗವಾಗಲೆಂದು ಮಾಡಿದ ಬಂಡಿಯು ಪಟ್ಟಣಿಗರ ವಿನೋದದ ಸಾಧನವಾಯಿತು. ಇದು ಅವನು ಎಣಿಸಿದ ಫಲವಾಗಿರಲಿಲ್ಲ.

ಅಷ್ಟರಲ್ಲಿ ಅವನ ದೇಹವು ಅರ್ಬುದರೋಗಕ್ಕೆ ತುತ್ತಾಗಿತ್ತು. ನಲವತ್ತಕ್ಕೂ ಹೆಚ್ಚು ಹಕ್ಕುಪತ್ರಗಳನ್ನು ಗಳಿಸಿದ್ದ ಆತನು 1964ರ ಫೆಬ್ರವರಿ 18ರಂದು, ಮೂವತ್ತು ವರ್ಷಗಳ ಹಿಂದೆ ತನ್ನ ಮಗನನ್ನು ಮುಟ್ಟಿಸಲಾರದೆ ಹೋದ ಅದೇ ಶೆರ್ಬ್ರೂಕ್ ಪಟ್ಟಣದಲ್ಲಿ, 56ನೆಯ ವಯಸ್ಸಿನಲ್ಲಿ ಕಾಲವಾದನು. ತಂದೆಯ ಸಾಲದಿಂದ ಕಟ್ಟಿದ ಆ ಮೊದಲ ಗ್ಯಾರೇಜನ್ನು ವಾಲ್ಕೂರಿನ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಉಳಿಸಿದ್ದಾರೆ.