ಬಡೋದೆಯ ಶ್ರೀ ಸಯಾಜಿರಾವ ಮಹಾರಾಜರು

ಕೋಟೆಕೊತ್ತಲಗಳನ್ನು ಕಟ್ಟಿಸಿದ ಅರಸರು ಭರತಖಂಡದಲ್ಲಿ ಅಸಂಖ್ಯರಾಗಿ ಆಗಿಹೋದರು. ಕವಿಗಳನ್ನೂ ಗಾಯಕರನ್ನೂ ಆಸ್ಥಾನದಲ್ಲಿರಿಸಿಕೊಂಡು ಮನ್ನಿಸಿದವರೂ ಕಡಿಮೆಯಿಲ್ಲ. ಆದರೆ ವಿದ್ಯೆ, ಕಲೆ, ಗ್ರಂಥ, ವ್ಯಾಯಾಮ ಇವು ಅರಮನೆಯ ಅಲಂಕಾರಗಳಲ್ಲ, ಕೆರೆಬಾವಿಗಳಂತೆ ಪ್ರಜೆಗಳಿಗೆ ನಿತ್ಯವೂ ಬೇಕಾದವು ಎಂದು ಬಗೆದು, ಅವುಗಳಿಗಾಗಿ ಸರಕಾರದ ಬೊಕ್ಕಸದಲ್ಲಿ ವರ್ಷವರ್ಷವೂ ಹಣವನ್ನು ತೆಗೆದಿರಿಸಿ, ಕ್ರಮವರಿತು ಯೋಜನೆಗಳನ್ನು ಹಾಕಿ ನಡೆಸಿದ ದೊರೆಗಳು ವಿರಳ. ಅಂತಹ ವಿರಳರಲ್ಲಿ ಬಡೋದೆಯ ಮೂರನೆಯ ಸಯಾಜಿರಾವ ಗಾಯಕವಾಡರು ಅಗ್ರಗಣ್ಯರು.

ಇವರು ಹುಟ್ಟಿನಿಂದ ಯುವರಾಜರಾಗಿರಲಿಲ್ಲ. ಗಾಯಕವಾಡ ಮನೆತನದ ದೂರದ ಕವಲೊಂದಕ್ಕೆ ಸೇರಿದ, ಒಕ್ಕಲುತನದಿಂದ ಜೀವಿಸುತ್ತಿದ್ದ ಕುಟುಂಬದಲ್ಲಿ, ನಾಸಿಕ ಜಿಲ್ಲೆಯ ಕವಳಾಣೆ ಎಂಬ ಹಳ್ಳಿಯಲ್ಲಿ, 1863ನೆಯ ಇಸವಿ ಮಾರ್ಚ್ 11ರಂದು ಜನಿಸಿದರು. ತಂದೆ ಕಾಶೀರಾಯರು ಇಟ್ಟ ಹೆಸರು ಗೋಪಾಳರಾವ. 1875ರಲ್ಲಿ ಬಡೋದೆಯ ಮಲ್ಹಾರರಾಯರನ್ನು ಬ್ರಿಟಿಷ್ ಸರಕಾರವು ಪದಚ್ಯುತರನ್ನಾಗಿ ಮಾಡಿತು. ಆಗ ಹಿಂದಿನ ಮಹಾರಾಜ ಖಂಡೇರಾಯರ ವಿಧವೆಯಾದ ಜಮನಾಬಾಯಿಯವರು ಈ ಬಾಲಕನನ್ನು ಅದೇ ವರ್ಷದ ಮೇ 27ರಂದು ದತ್ತಕ ತೆಗೆದುಕೊಂಡು ಸಯಾಜಿರಾವನೆಂದು ನಾಮಕರಣ ಮಾಡಿದರು. ಹನ್ನೆರಡು ವರ್ಷ ತುಂಬಿದ್ದ ಆ ಬಾಲಕನಿಗೆ ಆಗ ಓದು ಬರಹಗಳ ಗಂಧವೂ ಇರಲಿಲ್ಲ. ಸಿಂಹಾಸನವು ಮೊದಲು ದೊರೆಯಿತು. ಅಕ್ಷರವು ಅದರ ಬಳಿಕ ಬಂದಿತು.

ಈ ಸಂಗತಿಯು ಮಹಾರಾಜರ ಜೀವಿತದ ಬೀಜಮಂತ್ರವೆಂದರೆ ತಪ್ಪಾಗಲಾರದು. ಇಲಿಯಟ್ ಎಂಬ ಆಂಗ್ಲ ಗುರುಗಳ ಕೈಕೆಳಗೆ ಅವರು ಕೆಲವೇ ವರ್ಷಗಳಲ್ಲಿ ಮರಾಠಿ, ಗುಜರಾತಿ, ಇಂಗ್ಲಿಷ್ ಭಾಷೆಗಳನ್ನೂ ರಾಜ್ಯಶಾಸ್ತ್ರವನ್ನೂ ಪರಿಶ್ರಮದಿಂದ ಕಲಿತರು. ಕುದುರೆ ಸವಾರಿ, ಕುಸ್ತಿ ಮೊದಲಾದ ದೇಹಸಾಧನೆಗಳನ್ನೂ ಮಾಡಿದರು. ಈ ಕಾಲದಲ್ಲಿ ರಾಜ್ಯಭಾರವನ್ನು ಹೊತ್ತಿದ್ದವರು ದಿವಾನ್ ಸರ್ ಟಿ. ಮಾಧವರಾಯರು. 1881ನೆಯ ಡಿಸೆಂಬರ್ 28ರಂದು ಪೂರ್ಣಾಧಿಕಾರವು ಮಹಾರಾಜರ ಕೈಸೇರಿತು. ತಾವು ಬೆಳೆದ ಹಳ್ಳಿಯಂತಹ ಹಳ್ಳಿಗಳಲ್ಲಿ ತಮ್ಮಂತೆಯೇ ಬುದ್ಧಿಯುಳ್ಳ ಎಷ್ಟೋ ಮಕ್ಕಳು ಅದೃಷ್ಟವಿಲ್ಲದ ಮಾತ್ರಕ್ಕೆ ನಿರಕ್ಷರರಾಗಿ ಉಳಿಯುವರೆಂಬುದನ್ನು ಅವರಿಗೆ ಬೇರೊಬ್ಬರು ಹೇಳಿಕೊಡಬೇಕಾಗಿರಲಿಲ್ಲ.

ಬಡೋದೆಯ ಸಂಸ್ಥಾನವು ಒಂದೇ ಎಲ್ಲೆಯೊಳಗೆ ಅಡಕವಾಗಿದ್ದ ನಾಡಲ್ಲ. ಬಡೋದೆ, ಕಡಿ, ನವಸಾರಿ, ಅಮ್ರೇಲಿ ಎಂಬ ಪ್ರಾಂತಗಳು ಬ್ರಿಟಿಷ್ ಸೀಮೆಯ ಹಾಗೂ ಇತರ ಸಂಸ್ಥಾನಗಳ ನಡುನಡುವೆ ಚದುರಿ ಬಿದ್ದಿದ್ದವು. ಇಂತಹ ನಾಡಿನಲ್ಲಿ ರಾಜಧಾನಿಯಲ್ಲಿ ಮಾಡಿದ ಸತ್ಕಾರ್ಯವು ದೂರದ ಹಳ್ಳಿಗೆ ತಾನಾಗಿ ಹರಿದು ಹೋಗುವಂತಿರಲಿಲ್ಲ. ಅದನ್ನು ಹೊತ್ತು ಮುಟ್ಟಿಸಬೇಕಾಗಿತ್ತು. ಆದುದರಿಂದ ಮಹಾರಾಜರು ಯಾವ ಸುಧಾರಣೆಯನ್ನೂ ಮೊದಲು ಒಂದು ಚಿಕ್ಕ ಪ್ರದೇಶದಲ್ಲಿ ಪರೀಕ್ಷಿಸಿ, ಗುಣದೋಷಗಳನ್ನು ತೂಗಿನೋಡಿ, ಬಳಿಕ ಎಲ್ಲೆಡೆಗೆ ಹಬ್ಬಿಸುವ ಪದ್ಧತಿಯನ್ನಿಟ್ಟುಕೊಂಡರು. ಕಡ್ಡಾಯದ ಪ್ರಾಥಮಿಕ ಶಿಕ್ಷಣವನ್ನು 1893ರಲ್ಲಿ ಅಮ್ರೇಲಿಯ ಭಾಗದಲ್ಲಿ ಆರಂಭಿಸಿ, 1906ರಲ್ಲಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಿದುದು ಈ ಪದ್ಧತಿಗೆ ನಿದರ್ಶನ.

ಈ ಎರಡು ಇಸವಿಗಳ ನಡುವೆ ನಾಡಿನ ಮೇಲೆ ಬಂದೆರಗಿದ ಆಪತ್ತನ್ನು ಮರೆಯಲಾಗದು. 1899-1900ರ ಘೋರ ಕ್ಷಾಮವು ಗುಜರಾತವನ್ನು ಹಿಂಡಿ ಹಾಕಿತು. 1891ರ ಜನಗಣತಿಯಲ್ಲಿ 24 ಲಕ್ಷಕ್ಕೂ ಮಿಕ್ಕಿದ್ದ ಬಡೋದೆಯ ಪ್ರಜೆಗಳು 1901ರಲ್ಲಿ 19½ ಲಕ್ಷಕ್ಕೆ ಇಳಿದಿದ್ದರು. ಹೊಲಗಳು ಬೀಳುಬಿದ್ದು, ಊರೂರುಗಳು ಬಡವಾಗಿದ್ದ ಕಾಲವದು. ಅನ್ನಕ್ಕೇ ಕೊರತೆಯಿರುವಲ್ಲಿ ಪುಸ್ತಕವೇಕೆ, ಚಿತ್ರಶಾಲೆಯೇಕೆ ಎಂಬ ಪ್ರಶ್ನೆ ಯಾವ ವಿವೇಕಿಯ ಮನಸ್ಸಿನಲ್ಲಿಯಾದರೂ ಏಳತಕ್ಕುದೇ. ಮಹಾರಾಜರು ತಮ್ಮ ಕಾರ್ಯದಿಂದ ಇದಕ್ಕೆ ಉತ್ತರವಿತ್ತರು. ಕ್ಷಾಮದ ಗಾಯವು ಇನ್ನೂ ಮಾಯುತ್ತಿರುವಾಗಲೇ ಶಾಲೆಯನ್ನು ಕಡ್ಡಾಯ ಮಾಡಿದರು; ಶಾಲೆಯ ಬೆನ್ನಿಗೆ ಗ್ರಂಥಾಲಯವನ್ನು ನಿಲ್ಲಿಸಿದರು. ಶಾಲೆ ಬಿಟ್ಟ ಹುಡುಗನ ಕೈಗೆ ಪುಸ್ತಕ ಸಿಗದಿದ್ದರೆ ಕಲಿತ ಅಕ್ಷರವು ನಾಲ್ಕಾರು ವರ್ಷಗಳಲ್ಲಿ ಅಳಿಸಿಹೋಗುವುದು. ಅವನಿಗಾಗಿ ವೆಚ್ಚಮಾಡಿದ ಹಣವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣನ್ನು ಕಿವುಚಿದಂತಾಗುವುದು. ಪುಸ್ತಕಭಂಡಾರವು ಶಾಲೆಯ ಮುಂದುವರಿಕೆಯೇ ಹೊರತು ಬೇರೊಂದು ವಿಲಾಸವಲ್ಲವೆಂಬುದೇ ಅವರ ಯೋಜನೆಯ ಮೂಲತತ್ತ್ವವಾಗಿತ್ತು.

1906ರಲ್ಲಿಯೂ 1910ರಲ್ಲಿಯೂ ಮಹಾರಾಜರು ಅಮೇರಿಕಾ ದೇಶವನ್ನು ಸಂದರ್ಶಿಸಿದರು. ಅಲ್ಲಿಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೂಲಿಕಾರರೂ ಹೆಂಗಸರೂ ಮಕ್ಕಳೂ ನಿರ್ಭಯವಾಗಿ ಕುಳಿತು ಓದುತ್ತಿದ್ದ ನೋಟವು ಅವರ ಮನಸ್ಸನ್ನು ಹಿಡಿಯಿತು. ನೋಡಿ ಮೆಚ್ಚಿ ಮರಳಲಿಲ್ಲ. ಆ ಕೆಲಸವನ್ನು ಬಲ್ಲವರನ್ನೇ ಕರೆಸಿಕೊಂಡರು. ನ್ಯೂ ಹೇವನ್ ನಗರದ ಗ್ರಂಥಪಾಲಕರಾಗಿದ್ದ ವಿಲಿಯಂ ಬೋರ್ಡನ್ನರು 1910ರ ಕೊನೆಯಲ್ಲಿ ಬಡೋದೆಗೆ ಬಂದು, 1913ರ ವರೆಗೆ ಇದ್ದು, ಗ್ರಂಥಾಲಯ ಇಲಾಖೆಯನ್ನು ಬುಡದಿಂದ ಕಟ್ಟಿದರು. ಲಕ್ಷ್ಮೀವಿಲಾಸ ಅರಮನೆಯಲ್ಲಿದ್ದ ಸುಮಾರು 20,000 ಗ್ರಂಥಗಳ ತಮ್ಮ ಸ್ವಂತ ಸಂಗ್ರಹವನ್ನು ಮಹಾರಾಜರು ಪ್ರಜೆಗಳಿಗೆ ಒಪ್ಪಿಸಿದರು. ಅದೇ ಕೇಂದ್ರ ಗ್ರಂಥಾಲಯಕ್ಕೆ ಅಡಿಗಲ್ಲಾಯಿತು. ಹೆಂಗಸರಿಗೂ ಮಕ್ಕಳಿಗೂ ಅದರಲ್ಲಿ ಬೇರೆ ಬೇರೆ ವಿಭಾಗಗಳಾದವು. 1911ರಲ್ಲಿ ಗ್ರಂಥಪಾಲಕರನ್ನು ತರಬೇತುಗೊಳಿಸುವ ವರ್ಗವು ಆರಂಭವಾಯಿತು. ಭಾರತದಲ್ಲಿ ಈ ವಿದ್ಯೆಗೆ ಏರ್ಪಟ್ಟ ಮೊದಲ ಪಾಠವಿದು. 1912ರಲ್ಲಿ ಇಂಗ್ಲಿಷ್, ಗುಜರಾತಿ, ಮರಾಠಿ ಮೂರು ಭಾಷೆಗಳಲ್ಲಿ ಗ್ರಂಥಾಲಯ ವಿಷಯದ ಪತ್ರಿಕೆಯೊಂದು ಹೊರಟಿತು.

ಆದರೆ ಇಷ್ಟೆಲ್ಲ ನಗರದ ಮಾತಾಯಿತು. ಯೋಜನೆಯ ನಿಜವಾದ ಹಿರಿಮೆಯಿದ್ದುದು ಹಳ್ಳಿಯ ಏರ್ಪಾಟಿನಲ್ಲಿ. ಯಾವ ಊರಿಗೂ ಸರಕಾರವು ಪುಸ್ತಕಾಲಯವನ್ನು ಬಲವಂತವಾಗಿ ಹೇರಲಿಲ್ಲ. ಪೂರ್ತಿ ಧರ್ಮಾರ್ಥವಾಗಿಯೂ ಕೊಡಲಿಲ್ಲ. ಊರವರು ತಮ್ಮಲ್ಲಿ ವಂತಿಗೆ ಕೂಡಿಸಿ ಒಂದು ಮೊತ್ತವನ್ನು ಇಟ್ಟರೆ, ಗೊತ್ತುಪಡಿಸಿದ ಮಿತಿಯೊಳಗೆ ಅಷ್ಟೇ ಮೊತ್ತವನ್ನು ಪ್ರಾಂತದ ಪಂಚಾಯತಿಯೂ, ಮತ್ತಷ್ಟನ್ನೇ ಸರಕಾರವೂ ಸೇರಿಸುತ್ತಿದ್ದವು. ಒಂದು ರೂಪಾಯಿ ಕೊಟ್ಟ ಊರಿಗೆ ಮೂರು ರೂಪಾಯಿಯ ಫಲ ಸಿಕ್ಕುತ್ತಿತ್ತು. ತನ್ನ ಗಂಟಿನಿಂದ ಕಾಸು ಬಿಚ್ಚಿದ ರೈತನು ಆ ಭಂಡಾರವನ್ನು ಸರಕಾರದ್ದೆಂದು ಅಲಕ್ಷಿಸದೆ ತನ್ನದೆಂದು ಕಾಯುತ್ತಿದ್ದನು. ಧನಬಲವಿಲ್ಲದ ಊರುಗಳಿಗಾಗಿ ಸಂಚಾರಿ ಗ್ರಂಥಾಲಯಗಳಿದ್ದವು: ಗಟ್ಟಿಮುಟ್ಟಾದ ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಸರಕಾರದ ಖರ್ಚಿನಲ್ಲಿಯೇ ಕಳುಹಿಸುತ್ತಿದ್ದರು, ಓದಿ ಮುಗಿದ ಮೇಲೆ ಆ ಪೆಟ್ಟಿಗೆ ಹಿಂದಿರುಗಿ ಬೇರೊಂದು ಹೋಗುತ್ತಿತ್ತು. ಓದಲು ಬಾರದವರನ್ನೂ ಕೈಬಿಡಲಿಲ್ಲ. ಮಾಯಾದೀಪದ ಚಿತ್ರಗಳನ್ನೂ ಚಲಚ್ಚಿತ್ರಗಳನ್ನೂ ತೋರಿಸಿ ತಿಳಿವು ಕೊಡುವ ಒಂದು ಶಾಖೆಯು ಅವರಿಗಾಗಿ ಏರ್ಪಟ್ಟಿತ್ತು.

ಈ ಕಾರ್ಯದಲ್ಲಿ ಮಹಾರಾಜರಿಗೆ ಬಲಗೈಯಂತೆ ದೊರೆತವರು ಮೋತಿಭಾಯಿ ಅಮೀನರು. ಶಾಲಾ ಶಿಕ್ಷಕರಾಗಿದ್ದ ಇವರು ಸರಕಾರದ ಯೋಜನೆ ಹುಟ್ಟುವುದಕ್ಕೆ ಮುಂಚೆಯೇ ಹಳ್ಳಿಗಳಲ್ಲಿ ಮಿತ್ರಮಂಡಲಗಳನ್ನು ಕೂಡಿಸಿ ಚಿಕ್ಕ ಚಿಕ್ಕ ವಾಚನಾಲಯಗಳನ್ನು ತೆರೆಯಿಸಿದ್ದರು. ಜನರೊಳಗೆ ತಾನಾಗಿ ಮೊಳೆತ ಪ್ರಯತ್ನವನ್ನು ಹೊಸಕಿಹಾಕದೆ, ಅದಕ್ಕೆ ನೀರೆರೆದು, ಅದನ್ನು ಬೆಳೆಯಿಸಿದವರನ್ನೇ ಇಲಾಖೆಯೊಳಕ್ಕೆ ತೆಗೆದುಕೊಂಡುದು ಮಹಾರಾಜರ ದೂರದೃಷ್ಟಿಗೆ ಸಾಕ್ಷಿ. ಅವರ ಆಳಿಕೆಯ ಕೊನೆಯ ಹೊತ್ತಿಗೆ ಬಡೋದೆಯ ಸೀಮೆಯಲ್ಲಿ ಗ್ರಾಮ ಗ್ರಂಥಾಲಯಗಳು ಸಾವಿರದ ಸಂಖ್ಯೆಯನ್ನು ಮುಟ್ಟಿದ್ದವು.

ಕಲೆಗಳ ವಿಷಯದಲ್ಲಿಯೂ ಇದೇ ಕ್ರಮ. ಸಂಗೀತವು ದರ್ಬಾರಿನ ಸೊತ್ತಾಗಿದ್ದ ಕಾಲದಲ್ಲಿ, ಉಸ್ತಾದ್ ಮೌಲಾಬಕ್ಷರ ನೇತೃತ್ವದಲ್ಲಿ 1886ರಲ್ಲಿ ಗಾಯನಶಾಲೆಯನ್ನು ತೆರೆದು, ಸ್ವರಲಿಪಿಯ ಮೂಲಕ ಸಾಮಾನ್ಯರಿಗೂ ಕಲಿಸುವ ಏರ್ಪಾಟನ್ನು ಮಾಡಿದರು. 1890ರಲ್ಲಿ ಕಲಾಭವನವು ಸ್ಥಾಪನೆಯಾಗಿ ಕೈಗಾರಿಕೆಗಳನ್ನೂ ಚಿತ್ರವಿದ್ಯೆಯನ್ನೂ ಕಲಿಸತೊಡಗಿತು. ಭಾರತೀಯ ಚಲಚ್ಚಿತ್ರದ ಮೂಲಪುರುಷರಾದ ದಾದಾಸಾಹೇಬ ಫಾಳಕೆಯವರು ಅಲ್ಲಿ ಕಲಿತವರು. ರಾಜಾ ರವಿವರ್ಮರಿಂದ ಪುರಾಣಚಿತ್ರಗಳನ್ನು ಬರೆಯಿಸಿದರು. ವಸ್ತುಸಂಗ್ರಹಾಲಯದ ಕಟ್ಟಡವು 1894ರಲ್ಲಿ ಮುಗಿಯಿತು. ಅದನ್ನು ಕಟ್ಟಿದುದು ಪ್ರಜೆಗಳು ಸಂಜೆ ತಿರುಗಾಡಲು ಬರುತ್ತಿದ್ದ ಸಾರ್ವಜನಿಕ ಉದ್ಯಾನದಲ್ಲಿಯೇ. 1916ರಲ್ಲಿ ಭಾತಖಂಡೆಯವರ ಪ್ರಯತ್ನದಿಂದ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು ಕೂಡಿದುದು ಬಡೋದೆಯಲ್ಲಿ. ಮಲ್ಲವಿದ್ಯೆಗೆ ಹಿಂದಿನಿಂದಲೂ ಹೆಸರಾದ ಆ ನಗರದಲ್ಲಿ ಪ್ರಾಧ್ಯಾಪಕ ಮಾಣಿಕರಾಯರ ಜುಮ್ಮಾದಾದಾ ವ್ಯಾಯಾಮಮಂದಿರವು ಅನೇಕ ಪ್ರಾಂತಗಳ ತರುಣರನ್ನು ಸೆಳೆಯಿತು. 1934ರಲ್ಲಿ ಪ್ರಾಚ್ಯವಸ್ತು ಸಂಶೋಧನ ಇಲಾಖೆಯು ಹೀರಾನಂದ ಶಾಸ್ತ್ರಿಗಳ ಕೈಕೆಳಗೆ ಏರ್ಪಟ್ಟಿತು.

ದೇಶಭಾಷೆಗಳಲ್ಲಿ ಒಳ್ಳೆಯ ಪುಸ್ತಕಗಳಿಲ್ಲದಿದ್ದರೆ ಗ್ರಂಥಾಲಯವು ಬರಿಯ ಕಪಾಟುಗಳ ಸಾಲೆಂದು ಬಗೆದು, ಮಹಾರಾಜರು 1912ರಲ್ಲಿ ಎರಡು ಲಕ್ಷ ರೂಪಾಯಿಗಳ ನಿಧಿಯನ್ನು ತೆಗೆದಿರಿಸಿದರು. ಅದರ ಬಡ್ಡಿಯಿಂದ ದೊಡ್ಡವರಿಗೂ ಮಕ್ಕಳಿಗೂ ಗ್ರಂಥಮಾಲೆಗಳು ಹೊರಟವು. ಇನ್ನೊಂದು ಕಡೆ, ಮನೆಮನೆಗಳಲ್ಲಿಯೂ ಭಂಡಾರಗಳಲ್ಲಿಯೂ ಹುಳಹಿಡಿದು ನಾಶವಾಗುತ್ತಿದ್ದ ಓಲೆಗರಿ, ಕೈಬರಹದ ಪ್ರತಿಗಳನ್ನು ಸಂಗ್ರಹಿಸಲು ಪಂಡಿತರನ್ನು ನಾಡಿನ ಮೂಲೆಮೂಲೆಗೆ ಕಳುಹಿಸಿದರು. 1916ರಿಂದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯು ಪ್ರಕಟವಾಗತೊಡಗಿತು. ಅಭಿನವಗುಪ್ತನ ವ್ಯಾಖ್ಯಾನದೊಡನೆ ಭರತನ ನಾಟ್ಯಶಾಸ್ತ್ರದ ಮೊದಲ ಸಂಪುಟವು 1926ರಲ್ಲಿ ಬೆಳಕು ಕಂಡುದು ಈ ಮಾಲೆಯಲ್ಲಿಯೇ. ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದ ಉಪಕಾರವೂ ಒಂದುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು, ರಾಜನೀತಿಯಿಂದ ಹಿಡಿದು ಅಡುಗೆ, ಚಿತ್ರ, ಸಂಗೀತ, ಮಲ್ಲಯುದ್ಧ, ಆಟಪಾಟಗಳ ವರೆಗೆ ಆ ಕಾಲದ ಬಾಳನ್ನೆಲ್ಲ ಒಳಗೊಂಡ ಮಹಾಕೋಶ. ಅದರ ಮೊದಲ ಸಂಪುಟವು ಇದೇ ಮಾಲೆಯಲ್ಲಿ 1925ರಲ್ಲಿ ಅಚ್ಚಾಯಿತು. ಕಲ್ಯಾಣದ ಅರಸನ ಕೃತಿಗೆ ಗುಜರಾತದ ಅರಸನ ಬೊಕ್ಕಸವು ನೆರವಾಯಿತು.

ಇಷ್ಟು ಮಾಡಿದ ದೊರೆಯ ಆಜ್ಞೆಗೂ ಒಂದು ಎಲ್ಲೆಯಿತ್ತೆಂಬುದನ್ನು ಮರೆಮಾಚುವುದು ಸತ್ಯಕ್ಕೆ ಸಲ್ಲದು. ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಮಹಾರಾಜರು ಆಳಿಕೆಯ ಆರಂಭದಲ್ಲಿಯೇ ಶಾಲೆಗಳನ್ನು ತೆರೆದರು. ಡಾಕ್ಟರ್ ಅಂಬೇಡಕರರು 1913ರಲ್ಲಿ ಬಡೋದೆಯ ವಿದ್ಯಾರ್ಥಿವೇತನದಿಂದಲೇ ಅಮೇರಿಕಾಕ್ಕೆ ಹೋಗಿ ಉನ್ನತ ವಿದ್ಯೆಯನ್ನು ಪಡೆದರು. ಆದರೆ 1917ರಲ್ಲಿ ಅವರು ಸಂಸ್ಥಾನದ ಸೇವೆಗೆಂದು ಬಡೋದೆಗೆ ಬಂದಾಗ, ಆ ನಗರದಲ್ಲಿ ಅವರಿಗೆ ತಲೆಯಿಡಲು ಒಂದು ಮನೆ ಸಿಕ್ಕಲಿಲ್ಲ, ನೊಂದು ಹಿಂದಿರುಗಬೇಕಾಯಿತು. ಗ್ರಂಥಾಲಯದ ಬಾಗಿಲನ್ನು ರಾಜಾಜ್ಞೆಯು ತೆರೆಯಬಲ್ಲುದು. ನೆರೆಯವನ ಎದೆಯ ಬಾಗಿಲನ್ನು ತೆರೆಯಲಾರದು. ಓದು ಮನಸ್ಸನ್ನು ಮುಟ್ಟುವ ವರೆಗೆ ಯೋಜನೆಯು ಅರ್ಧದಾರಿಯಲ್ಲಿಯೇ ಇರುವುದೆಂಬ ಪಾಠವನ್ನು ಬಡೋದೆಯೇ ಕಲಿಸಿತು.

63 ವರ್ಷಗಳ ದೀರ್ಘ ಆಳಿಕೆಯನ್ನು ಪೂರೈಸಿ ಸಯಾಜಿರಾವ ಮಹಾರಾಜರು 1939ನೆಯ ಫೆಬ್ರವರಿ 6ರಂದು ಮುಂಬಯಿಯಲ್ಲಿ ದೇಹಬಿಟ್ಟರು. ಹತ್ತು ವರ್ಷಗಳ ಬಳಿಕ, 1949ರಲ್ಲಿ, ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ಗಾದಿ ಹೋಯಿತು, ಲಾಂಛನ ಹೋಯಿತು. ಆದರೆ ಅದೇ ವರ್ಷ ಅವರ ಹೆಸರಿನಲ್ಲಿ ವಿಶ್ವವಿದ್ಯಾಲಯವು ಹುಟ್ಟಿತು. ಅವರ ಪ್ರಾಚ್ಯವಿದ್ಯಾಮಂದಿರವು ಅದರ ಅಂಗವಾಗಿ, ವಾಲ್ಮೀಕಿ ರಾಮಾಯಣದ ಪರಿಷ್ಕೃತ ಆವೃತ್ತಿಯನ್ನು 1960ರಿಂದ 1975ರ ವರೆಗೆ ಏಳು ಸಂಪುಟಗಳಲ್ಲಿ ಹೊರತಂದಿತು. ಮಾನಸೋಲ್ಲಾಸದ ಮೂರನೆಯ ಸಂಪುಟವೂ 1961ರಲ್ಲಿ ಹೊರಬಿದ್ದು ಸೋಮೇಶ್ವರನ ಗ್ರಂಥವು ಪೂರ್ಣವಾಯಿತು. ಅರಸೊತ್ತಿಗೆ ಅಳಿದರೂ ಅರಸನು ಆರಂಭಿಸಿದ ಕಾರ್ಯವು ನಿಲ್ಲಲಿಲ್ಲ. ಏಕೆಂದರೆ ಅದು ಒಬ್ಬನ ಔದಾರ್ಯದ ಮೇಲೆ ನಿಂತಿರದೆ, ಕ್ರಮಬದ್ಧವಾದ ಏರ್ಪಾಟಿನ ಮೇಲೆ, ಜನರ ಪಾಲಿನ ಮೇಲೆ ನಿಂತಿತ್ತು.

ಸರಕಾರಗಳು ಕಲೆಗೂ ಗ್ರಂಥಕ್ಕೂ ವ್ಯಾಯಾಮಕ್ಕೂ ಹಣವನ್ನು ಗೊತ್ತುಮಾಡುವಾಗ ಕೇಳಬೇಕಾದ ಪ್ರಶ್ನೆಗಳನ್ನು ಈ ಮಹನೀಯರ ಚರಿತ್ರೆಯು ಮುಂದಿಡುತ್ತದೆ. ಈ ವೆಚ್ಚವು ರಾಜಧಾನಿಯಲ್ಲಿಯೇ ಇಂಗಿಹೋಗುವುದೋ, ಕಟ್ಟಕಡೆಯ ಹಳ್ಳಿಯನ್ನು ಮುಟ್ಟುವುದೋ? ಊರವರು ಇದರಲ್ಲಿ ತಮ್ಮದೊಂದು ಪಾಲನ್ನು ಇಟ್ಟಿರುವರೋ? ಕೊಡುವ ಕೈ ಇಲ್ಲದಾದ ಮೇಲೆಯೂ ಇದು ನಡೆಯುವುದೋ? ಹನ್ನೆರಡನೆಯ ವಯಸ್ಸಿನ ವರೆಗೆ ಒಂದಕ್ಷರವನ್ನೂ ಅರಿಯದಿದ್ದ ಹಳ್ಳಿಯ ಬಾಲಕನೊಬ್ಬನು ಅರಸನಾಗಿ, ಓದಿನ ಸವಿಯನ್ನು ತಾನೊಬ್ಬನೇ ಉಣ್ಣಲೊಲ್ಲದೆ, ಮರದ ಪೆಟ್ಟಿಗೆಗಳಲ್ಲಿ ತುಂಬಿ ಊರೂರಿಗೆ ಹಂಚಿದನು. ಆತನ ಕೀರ್ತಿಗೆ ಇದಕ್ಕಿಂತ ಮಿಗಿಲಾದ ಸ್ಮಾರಕವು ಬೇಕಿಲ್ಲ.