ರೆವರೆಂಡ್ ಕಿಟೆಲರ ಕನ್ನಡ ಓದು

ಕಿಟೆಲ್ ಎಂದೊಡನೆ ಕನ್ನಡಿಗರ ಕಣ್ಣೆದುರಿಗೆ ಬರುವುದು ಒಬ್ಬ ಮನುಷ್ಯನ ಮುಖವಲ್ಲ, ಎರಡು ಕೈಗಳಿಂದ ಎತ್ತಬೇಕಾದ ಒಂದು ಹೊತ್ತಗೆ. ಆ ಹೊತ್ತಗೆ ಹುಟ್ಟುವ ಮುನ್ನ ಅದರ ಕರ್ತೃಗಳು ನಾಲ್ಕು ದಶಕಗಳ ಕಾಲ ಕನ್ನಡದ ಓದುಗರಾಗಿದ್ದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಪರಭಾಷೆಯನ್ನು ಕಲಿಯ ಹೊರಟವನು ಅದರ ಗ್ರಂಥಗಳನ್ನು ತಾನಾಗಿಯೇ ಓದಬಲ್ಲವನಾಗುವುದು ಹೇಗೆ? ಇಂಗ್ಲಿಷಿನ ಅಕ್ಷರಗಳನ್ನು ನಿರರ್ಗಳವಾಗಿ ಉಚ್ಚರಿಸಿಯೂ ವಾಕ್ಯದ ಅರ್ಥ ಕೇಳಿದರೆ ತಲೆ ತಗ್ಗಿಸುವ ಮಕ್ಕಳನ್ನು ದಿನವೂ ಕಾಣುವ ಅಧ್ಯಾಪಕರಿಗೆ ಈ ಪ್ರಶ್ನೆ ಹೊಸದಲ್ಲ. ಆ ದೃಷ್ಟಿಯಿಂದ ಫರ್ಡಿನೆಂಡ್ ಕಿಟೆಲರ ಜೀವಿತವನ್ನು ಇಲ್ಲಿ ನಿರೂಪಿಸುವುದು ಉಚಿತವೆಂದು ತೋರಿತು.

ಕಿಟೆಲರು 1832ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ಉತ್ತರ ತೀರದ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿಗಳು. ಆ ಪ್ರಾಂತದಲ್ಲಿ ಜನಸಾಮಾನ್ಯರ ಆಡುನುಡಿ ಒಂದು, ಶಾಲೆಯ ಮತ್ತು ಗ್ರಂಥದ ಜರ್ಮನ್ ಮತ್ತೊಂದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಓದುವ ಉಡುಪಿ, ಕಾಪು, ಕಾರ್ಕಳದ ನಮ್ಮ ಮಕ್ಕಳಿಗೆ ಇದು ವಿಚಿತ್ರವೆನಿಸದು. ಔರಿಚ್ ಪಟ್ಟಣದ ಪ್ರೌಢವಿದ್ಯಾಲಯದಲ್ಲಿ ಅವರಿಗೆ ಲ್ಯಾಟಿನ್, ಗ್ರೀಕ್, ಹೀಬ್ರೂಗಳ ಪಾಠವಾಯಿತು. ಇವು ಯಾರೊಡನೆಯೂ ಮಾತನಾಡಲೆಂದು ಕಲಿಯುವ ಭಾಷೆಗಳಲ್ಲ. ವಾಕ್ಯವನ್ನು ಬಿಡಿಸಿ, ಕ್ರಿಯಾಪದವನ್ನು ಹುಡುಕಿ, ಅನ್ವಯ ಮಾಡಿ ಅರ್ಥಕ್ಕೆ ತಲುಪುವ ಶಿಸ್ತು ಅಲ್ಲಿನದು. ನಮ್ಮ ಸಂಸ್ಕೃತ ಪಾಠಶಾಲೆಗಳ ಅಧ್ಯಯನಕ್ರಮವೂ ಬಹುಮಟ್ಟಿಗೆ ಇದೇ ಅಲ್ಲವೇ? ಮುಂದೆ ಹಳಗನ್ನಡದ ಎದುರಿಗೆ ನಿಂತಾಗ ಅವರ ಕೈಹಿಡಿದದ್ದು ಈ ಶಿಸ್ತೇ ಎಂದು ನನ್ನ ಎಣಿಕೆ.

1850ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿದರು. 1853ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಮಂಗಳೂರಿಗೆ ಬಂದಿಳಿದರು. ಅದರ ಮರುವರ್ಷವೇ ಉಡುಪಿಯಲ್ಲಿಯೂ ಆ ಮಿಷನ್ನಿನ ಕೇಂದ್ರ ತೆರೆಯಿತು. ಕಿಟೆಲರು ಮೊದಲಿಗೆ ಧಾರವಾಡದ ಕಡೆ ಇದ್ದು, ಅಲ್ಲಿಯ ಜನರ ಬಾಯಿಂದ ಕನ್ನಡವನ್ನು ಕೇಳಿ ಕಲಿತರು. ಅನಂತರ ಬಹುಕಾಲ ಅವರು ನೆಲಸಿದ್ದು ಮಂಗಳೂರಿನಲ್ಲಿ. ಕರಾವಳಿಯ ಸಂತೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ; ಕನ್ನಡವೆಂಬುದು ಕಚೇರಿ, ಶಾಲೆ, ಪುರಾಣ ಪ್ರವಚನಗಳ ಭಾಷೆ. ಹಾಗಾಗಿ ಈ ಪರದೇಶಿಗೆ ಕನ್ನಡವು ಬೀದಿಗಿಂತ ಹೆಚ್ಚಾಗಿ ಕಾಗದದ ಮೇಲೆ ದೊರೆಯುವಂತಾಯಿತು.

ಆ ಕಾಗದವನ್ನು ಅವರಿಗಾಗಿ ಮೊದಲೇ ಒದಗಿಸಿಟ್ಟವರು ಹೆರ್ಮನ್ ಮೋಗ್ಲಿಂಗರು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಈ ಮಹನೀಯರು, 1848ರಿಂದ ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಕನ್ನಡದ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ್ದರು. ಜೈಮಿನಿ ಭಾರತ, ದಾಸರ ಪದಗಳು, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ ಇವೆಲ್ಲ ಆ ಮಾಲೆಯಲ್ಲಿ ಬಂದವು. ಇದಕ್ಕೆ ಧನಸಹಾಯ ಮಾಡಿದವರು ಕ್ಯಾಸಮೇಜರ್ ಎಂಬ ಒಬ್ಬ ನಿವೃತ್ತ ಆಂಗ್ಲ ಅಧಿಕಾರಿ. ಮಠದಲ್ಲಿ ಗಂಟುಕಟ್ಟಿ ಇಟ್ಟಿದ್ದ ಓಲೆಗರಿಯ ಪುರಾಣವು ಒಬ್ಬ ದಾನಿಯ ಹಣದಿಂದ ಅಚ್ಚಿನ ಪುಸ್ತಕವಾಗಿ, ಒಬ್ಬ ಜರ್ಮನ್ ತರುಣನ ಮೇಜಿನ ಮೇಲೆ ಬಂದು ಕುಳಿತಿತು. ಶಾಲೆಗೆ ಪುಸ್ತಕ ಕೊಡಿಸುವವರು ಆ ಪುಸ್ತಕ ಎಲ್ಲಿಗೆ ಹೋಗಿ ಮುಟ್ಟೀತೆಂದು ಮುಂಗಂಡಿರುವುದು ಅಪರೂಪ.

ಒಂದು ಮಾತನ್ನು ಇಲ್ಲಿ ಮರೆಮಾಚದೆ ಹೇಳಬೇಕು. ಕಿಟೆಲರು ಬಸವಪುರಾಣವನ್ನು ಭಕ್ತಿಯಿಂದ ಕೈಗೆತ್ತಿಕೊಂಡವರಲ್ಲ. ಈ ನಾಡಿನ ಜನರನ್ನು ತಮ್ಮ ಮತಕ್ಕೆ ಒಲಿಸಬೇಕಾದರೆ ಅವರ ನಂಬಿಕೆಗಳನ್ನು ಅರಿತಿರಬೇಕೆಂಬುದು ಮಿಷನರಿಗಳ ಉದ್ದೇಶ. ಅದು ಅವರದೂ ಆಗಿತ್ತು. 1875ರಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಲಿಂಗಾಯತರ ಏಳು ಪುರಾಣಕಥೆಗಳನ್ನು ಕುರಿತು ಬರೆದಾಗಲೂ, ಮರುವರ್ಷ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಪುಸ್ತಿಕೆಯೊಂದನ್ನು ಪ್ರಕಟಿಸಿದಾಗಲೂ ಅವರ ದೃಷ್ಟಿ ಹೊರಗಿನವರದೇ. ಶ್ರದ್ಧಾಳುಗಳಿಗೆ ಅಲ್ಲಿ ಒಪ್ಪಿಗೆಯಾಗದ ಸಂಗತಿಗಳಿರುವುದು ಸಹಜ. ಆದರೂ ಖಂಡಿಸಲೆಂದು ಓದುವವನು ಸಾಮಾನ್ಯವಾಗಿ ತನಗೆ ಬೇಕಾದ ನಾಲ್ಕು ಸಾಲುಗಳನ್ನು ಹೆಕ್ಕಿಕೊಂಡು ಪುಸ್ತಕ ಮುಚ್ಚುತ್ತಾನೆ. ಕಿಟೆಲರು ಮುಚ್ಚಲಿಲ್ಲ. ಪದ್ಯದಿಂದ ಪದ್ಯಕ್ಕೆ, ಪದದಿಂದ ಪದಕ್ಕೆ ನಡೆದರು. ಪ್ರಚಾರಕನು ಓದುಗನಿಗೆ ಕ್ರಮೇಣ ಎಡೆಗೊಟ್ಟು ಹಿಂದೆ ಸರಿದಂತೆ ಅವರ ಜೀವನವನ್ನು ನೋಡಿದವರಿಗೆ ತೋರುತ್ತದೆ. ಮಿಷನ್ನಿನ ಹಿರಿಯರಿಗೆ ಇದು ಅಷ್ಟಾಗಿ ರುಚಿಸಲಿಲ್ಲ. ಇಲ್ಲಿಯ ಜನರಂತೆಯೇ ಬಾಳಬೇಕೆಂಬ ಅವರ ತಾರುಣ್ಯದ ಹಂಬಲವೂ, ಹಳೆಯ ಗ್ರಂಥಗಳಲ್ಲಿ ಮುಳುಗಿರುವ ಅವರ ಸ್ವಭಾವವೂ ಮೇಲಿನವರೊಡನೆ ತಿಕ್ಕಾಟಕ್ಕೆ ಕಾರಣವಾದವು.

ಇನ್ನು ಓದಿನ ಕಷ್ಟಗಳು. ಅಂದು ದೊರೆಯುತ್ತಿದ್ದ ದೊಡ್ಡ ಕನ್ನಡ–ಇಂಗ್ಲಿಷ್ ಕೋಶವೆಂದರೆ 1832ರಲ್ಲಿ ಪ್ರಕಟವಾದ ರೀವರದು. 1858ರಲ್ಲಿ ಸ್ಯಾಂಡರ್ಸನ್ನರು ಅದನ್ನು ಪರಿಷ್ಕರಿಸಿದರು. ಬಳಕೆಯ ಕನ್ನಡಕ್ಕೆ ಅದು ಸಾಕು, ಹಳಗನ್ನಡಕ್ಕೆ ಸಾಲದು. ಅಲ್ಲದೆ ಕೋಶವನ್ನು ತೆರೆಯಬೇಕಾದರೂ ಪದ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತೆಂದು ಮೊದಲು ತಿಳಿದಿರಬೇಕಲ್ಲವೇ? ಓಲೆಗರಿಯ ಬರಹದಲ್ಲಿ ಪದಗಳ ನಡುವೆ ತೆರಪಿಲ್ಲ. ಸಂಧಿಯಾದ ಕಡೆ ಒಂದು ಪದದ ಬಾಲ ಮತ್ತೊಂದರ ತಲೆಯಲ್ಲಿ ಅಡಗಿರುತ್ತದೆ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಲಿಪಿಯಲ್ಲಿ ಭೇದ ತೋರಿಸುವ ರೂಢಿಯೂ ಇರಲಿಲ್ಲ. ಕೊಡು ಎಂಬುದೂ ಕೋಡು ಎಂಬುದೂ ನೋಟಕ್ಕೆ ಒಂದೇ. ದಾನ ಮಾಡೆಂದು ಕವಿ ಹೇಳಿದನೋ, ಹಸುವಿನ ಕೊಂಬನ್ನು ಹೇಳಿದನೋ?

ಇದನ್ನು ಬಿಡಿಸುವ ಕೀಲಿ ಛಂದಸ್ಸಿನಲ್ಲಿದೆ. ಜೈಮಿನಿ ಭಾರತದ ವಾರ್ಧಕ ಷಟ್ಪದಿಯು ಐದೈದು ಮಾತ್ರೆಗಳ ಗಣಗಳಲ್ಲಿ ನಡೆಯುತ್ತದೆ. ಹ್ರಸ್ವವೆಂದು ಓದಿದಾಗ ಒಂದು ಮಾತ್ರೆ ಕಡಮೆಯಾದರೆ ಅಲ್ಲಿರುವುದು ದೀರ್ಘವೇ ಸರಿ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಪ್ರಾಸನಿಯಮವೂ ಹೀಗೆಯೇ ಸಹಾಯಕ್ಕೆ ಬರುತ್ತದೆ. ಲಿಪಿಕಾರನು ತಪ್ಪಿದ ಅಕ್ಷರವು ಅಲ್ಲಿ ಸಿಕ್ಕಿಬೀಳುತ್ತದೆ. ಛಂದಸ್ಸನ್ನು ನಾವು ಪರೀಕ್ಷೆಗೆ ಗಣವಿಭಾಗ ಮಾಡಿಸಿ ಮುಗಿಸಿಬಿಡುತ್ತೇವೆ. ಅದು ಓದುವವನ ಕೈಯ ಊರುಗೋಲು ಎಂಬುದು ಕಿಟೆಲರಂತಹ ಪರಕೀಯರಿಗೆ ಬೇಗ ಹೊಳೆಯಿತು, ಏಕೆಂದರೆ ಅದಿಲ್ಲದೆ ಅವರು ಒಂದು ಹೆಜ್ಜೆಯನ್ನೂ ಇಡುವಂತಿರಲಿಲ್ಲ. ಓದಿ ತಿಳಿಯುವುದಷ್ಟೇ ಅಲ್ಲ, ಏಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸುಗಳಲ್ಲಿ ಹಾಡುವ ಕಥಾಮಾಲೆಯನ್ನು ಅವರು 1862ರಲ್ಲಿ ತಾವೇ ರಚಿಸಿದರು.

ಅವರ ಮುಂದಿನ ಕೃತಿಗಳನ್ನು ಸಾಲಾಗಿ ಇಟ್ಟು ನೋಡಿದರೆ, ಒಬ್ಬ ಓದುಗನಿಗೆ ಎದುರಾದ ತೊಡಕುಗಳ ಪಟ್ಟಿಯನ್ನೇ ನೋಡಿದಂತಾಗುತ್ತದೆ. ಎಳೆಯರಿಗೆ ಕಾವ್ಯಭಾಗಗಳು ಬೇಕೆಂದು 1865ರಲ್ಲಿ ಪದಾರ್ಥಸಹಿತವಾದ ಒಂದು ಕಾವ್ಯಸಂಗ್ರಹ. ವ್ಯಾಕರಣದ ಗಂಟು ಬಿಡಿಸಲು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, ನಿಷ್ಠೂರಸಂಜಯನ ವ್ಯಾಖ್ಯಾನದೊಡನೆ. ಛಂದಸ್ಸಿಗಾಗಿ 1875ರಲ್ಲಿ ನಾಗವರ್ಮನ ಛಂದೋಂಬುಧಿ, ಕನ್ನಡ ಸಾಹಿತ್ಯವನ್ನು ಕುರಿತ ದೀರ್ಘ ಪ್ರಬಂಧದೊಡನೆ. ಪ್ರತಿಯೊಂದಕ್ಕೂ ಈ ನೆಲದ ಪಂಡಿತರನ್ನು ಆಶ್ರಯಿಸಿದರು, ಓಲೆಗರಿಗಳನ್ನು ಅರಸಿದರು, ಪಾಠಾಂತರಗಳನ್ನು ಹೋಲಿಸಿದರು. ಈ ಮಧ್ಯೆ ಸಂಸಾರದ ದುಃಖವೂ ಅವರನ್ನು ಬಿಡಲಿಲ್ಲ. 1860ರಲ್ಲಿ ಕೈಹಿಡಿದ ಪತ್ನಿ ಪೌಲೀನ್ 1864ರಲ್ಲಿ ಮಂಗಳೂರಿನಲ್ಲಿಯೇ ತೀರಿಕೊಂಡರು. ಮುಂದೆ ಅವರ ತಂಗಿ ಜೂಲಿಯವರನ್ನು ಕಿಟೆಲರು ವರಿಸಿದರು. ಮಡಿಕೇರಿಯಲ್ಲಿಯೂ ಕೆಲವು ಕಾಲ ಇದ್ದು, ಕೊಡವರ ನಂಬಿಕೆಗಳನ್ನು ಕುರಿತು ಬರೆದರು. 1877ರಲ್ಲಿ ಸ್ವದೇಶಕ್ಕೆ ಮರಳಿದವರು ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಪುನಃ ಇಲ್ಲಿಗೆ ಬಂದು, 1892ರವರೆಗೂ ದುಡಿದು ಕಡೆಯದಾಗಿ ಹಿಂದಿರುಗಿದರು.

ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪುಸ್ತಕಾಲಯದಿಂದ ಹೊರಬಂದಿತು. 1752 ಪುಟಗಳು, ಸುಮಾರು 70,000 ಪದಗಳು. ಆ ಪುಟಗಳಲ್ಲಿ ಒಂದನ್ನು ತೆರೆದು ನೋಡಿದವರಿಗೆ ಅದು ಓದಿನ ಫಲವೆಂಬುದು ಒಡನೆಯೇ ಗೋಚರಿಸುತ್ತದೆ. ಪದಕ್ಕೆ ಅರ್ಥ ಹೇಳಿ ಸುಮ್ಮನಾಗದೆ, ಆ ಪದ ಯಾವ ಗ್ರಂಥದಲ್ಲಿ ಕಂಡಿತು ಎಂಬುದನ್ನು ಸಂಕೇತಾಕ್ಷರಗಳಿಂದ ಸೂಚಿಸಿದ್ದಾರೆ. ಬಸವಪುರಾಣದ ಸಂಕೇತ ಅಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಮೈಸೂರಿನ ಬಳಕೆ ಯಾವುದು, ಧಾರವಾಡ ಸೀಮೆಯ ಬಳಕೆ ಯಾವುದು ಎಂಬ ಗುರುತು, ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸೋದರಪದಗಳು, ಗಾದೆಗಳು. ತಮಗೆ ಖಚಿತವಾಗದ ಕಡೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಲು ಅವರು ಸಂಕೋಚಪಡಲಿಲ್ಲ. ಅಧ್ಯಾಪಕರಾದ ನಮಗೆ ಇದರಲ್ಲಿ ಗ್ರಹಿಸಬೇಕಾದದ್ದುಂಟು. ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಗಳಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ, ಹೀಗೆ ಉದ್ದಕ್ಕೂ ಪಟ್ಟಿ ಇರುತ್ತದೆ. ಆ ಪದ ಕಂಡ ವಾಕ್ಯ ಮಾತ್ರ ಎಲ್ಲಿಯೂ ಇರುವುದಿಲ್ಲ. ವಾಕ್ಯವನ್ನು ಕಳೆದುಕೊಂಡ ಪದವು ಪರೀಕ್ಷೆಯ ಮರುದಿನವೇ ಮರೆತುಹೋದರೆ ಅದಕ್ಕೆ ಮಗುವಿನ ಮಂದಬುದ್ಧಿ ಕಾರಣವೆನ್ನಲಾಗದು. ಮಣಿಪಾಲಕ್ಕೆ ಓದಲು ಬರುವ ಹೊರನಾಡಿನ ತರುಣರು ರೋಗಿಗಳೊಡನೆ ಆಡಲು ಬೇಕಾದಷ್ಟು ಕನ್ನಡವನ್ನು ಬೇಗನೆ ಕಲಿತುಕೊಳ್ಳುತ್ತಾರೆ. ಬಸ್ಸಿನ ಫಲಕ ಓದುವಷ್ಟಕ್ಕೆ ಅನೇಕರ ಕನ್ನಡ ನಿಂತುಹೋಗುತ್ತದೆ. ಮಾತಿನಿಂದ ಓದಿಗೆ ದಾಟುವ ಸಂಕ ತಾನಾಗಿ ಬಂದು ಬೀಳುವುದಿಲ್ಲ.

ದಾಟಿದವರು ನಮ್ಮ ಪಕ್ಕದಲ್ಲಿಯೇ ಇದ್ದರು. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ಶಾಲಾ ಅಧ್ಯಾಪಕರಾಗಿದ್ದ ಮುದ್ದಣ ಕವಿ, ತುಳುನಾಡಿನ ನಡುವೆ ಕುಳಿತು ಗ್ರಂಥಗಳಿಂದಲೇ ಹಳಗನ್ನಡವನ್ನು ವಶಮಾಡಿಕೊಂಡವರು. ಅವರ ಬರವಣಿಗೆಯನ್ನು ಪಂಡಿತರು ಪ್ರಾಚೀನ ಕವಿಯ ಕೃತಿಯೆಂದೇ ನಂಬಿದ್ದರು. ಕಿಟೆಲರು ನಿಘಂಟನ್ನು ಮುಗಿಸುತ್ತಿದ್ದ ಕಾಲವೂ ಮುದ್ದಣರು ಹಳಗನ್ನಡವನ್ನು ಅಭ್ಯಾಸ ಮಾಡುತ್ತಿದ್ದ ಕಾಲವೂ ಹೆಚ್ಚುಕಡಮೆ ಒಂದೇ.

ನಿಘಂಟಿನಲ್ಲಿ ಇಲ್ಲದ್ದೂ ಇದೆ. ಕವಿರಾಜಮಾರ್ಗ ಮತ್ತು ಪಂಪಭಾರತಗಳು ಅಚ್ಚಿಗೆ ಬಂದದ್ದು 1898ರಲ್ಲಿ. ನಾಲ್ಕೇ ವರ್ಷ ತಡವಾಯಿತು. ನಮಗೆ ಹೆಚ್ಚು ಖೇದಕರವಾದದ್ದು ಮತ್ತೊಂದು. ಪುರಾಣಗಳ ಬಸವಣ್ಣನವರನ್ನು ಅಷ್ಟು ನಿಕಟವಾಗಿ ಬಲ್ಲ ಕಿಟೆಲರಿಗೆ, ವಚನಗಳ ಬಸವಣ್ಣನವರ ಪೂರ್ಣ ಪರಿಚಯವಾಗುವ ಅವಕಾಶವೇ ಇರಲಿಲ್ಲ. ವಚನಗಳ ಭಾಂಡಾರವು ಇನ್ನೂ ಮಠಮನೆಗಳ ಓಲೆಗಳಲ್ಲಿತ್ತು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಕೂಡಿಸಿ, ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದದ್ದು 1923ರಲ್ಲಿ. ಅದಕ್ಕೆ ಮುನ್ನ ಹಳಕಟ್ಟಿಯವರು ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೇ ಕಳುಹಿಸಿದ್ದರೆಂದೂ, ವಚನಗಳ ತತ್ತ್ವವನ್ನು ಕಂಡು ಅಲ್ಲಿಯವರು ಅಚ್ಚುಮಾಡದೆ ಹಿಂತಿರುಗಿಸಿದರೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತ ಬಂದಿದ್ದಾರೆ. ಆ ವೇಳೆಗೆ ಕಿಟೆಲರು ಗತಿಸಿ ಇಪ್ಪತ್ತು ವರ್ಷವಾಗುತ್ತ ಬಂದಿತ್ತು. ಅವರು ಆ ಮುದ್ರಣಾಲಯದಲ್ಲಿ ಇದ್ದಿದ್ದರೆ ಹಸ್ತಪ್ರತಿಯನ್ನು ಪೂರ್ತಿ ಓದದೆ ಮರಳಿಸುತ್ತಿರಲಿಲ್ಲವೆಂದು ನಂಬಲು ನನಗೆ ಮನಸ್ಸಾಗುತ್ತದೆ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಆ ಊರಿನಲ್ಲಿಯೇ ನೆಲಸಿ, ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಾಲವಾದರು. ಎಪ್ಪತ್ತೊಂದು ವರ್ಷಗಳ ಆ ಬಾಳಿನಲ್ಲಿ ಐವತ್ತು ವರ್ಷ ಕನ್ನಡದ ಓದಿಗೇ ಸಂದಿತ್ತು.

ಅವರ ನಿಘಂಟನ್ನು ದಕ್ಷಿಣ ಕನ್ನಡದವರೇ ಆದ ಪ್ರೊ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದರು; ಮದರಾಸು ವಿಶ್ವವಿದ್ಯಾನಿಲಯವು ಅದನ್ನು 1968ರಿಂದ 1971ರ ಒಳಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕಿಟೆಲರು ಸೋದರಪದವೆಂದು ಒಂದೊಂದಾಗಿ ಹೆಕ್ಕಿಟ್ಟಿದ್ದ ತುಳುವಿಗೂ ಉಡುಪಿಯಲ್ಲಿ ತನ್ನದೇ ಮಹಾನಿಘಂಟು ದೊರೆಯಿತು. ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದ ಆ ಕೆಲಸವು ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಾಗಿ ಬಂದಿತು.